ಕೊನೆಯ ರೀಲಿನ ಆರು ಅಡಿ

ನನಗೆ ಆರಂಭವಿಲ್ಲ. ನಾನು ಒಂದು ಫ್ರೆಂಚ್ ಸಿನಿಮಾದ ಮೂರನೆಯ ಮತ್ತು ಕೊನೆಯ ರೀಲು. ಆ ಸಿನಿಮಾ ಕೂಡ ಒಂದು ಸರಣಿಯ ಕೊನೆಯದು. ನನ್ನ ಕಥೆ ಶುರುವಾದದ್ದು ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಬೇರೆ ಡಬ್ಬಿಗಳಲ್ಲಿ.

ಪ್ಯಾರಿಸ್ಸಿನ ಹೊರವಲಯದ ಒಂದು ಲ್ಯಾಬಿನಲ್ಲಿ ನನ್ನನ್ನು ತಯಾರಿಸಿದರು. ಕತ್ತಲೆಯಲ್ಲಿ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎಳೆದರು, ಬಿಸಿಗಾಳಿಗೆ ಒಣಗಿಸಿದರು, ಸುತ್ತಿ ತಗಡಿನ ಡಬ್ಬಿಗೆ ಹಾಕಿದರು. ಆವತ್ತಿನಿಂದ ಓಡುವುದೇ ಕೆಲಸ. ಪ್ರೊಜೆಕ್ಟರಿನ ದೀಪದ ಮುಂದೆ ನಾನು ನಿಂತರೆ ಸುಟ್ಟುಹೋಗುತ್ತೇನೆ.

ಸರಣಿಯಲ್ಲಿ ನಾಲ್ಕು ಸಿನಿಮಾ. ನಾಲ್ಕರಲ್ಲೂ ಅದೇ ಓಡೆಟ್, ಅದೇ ಬೆರ್ನಾರ್. ಮೊದಲನೆಯದರಲ್ಲಿ ಜಗಳವಾಡಿ ಪ್ರೀತಿಸಿದರು, ಎರಡನೆಯದರಲ್ಲಿ ಮದುವೆಯಾದರು, ಮೂರನೆಯದರಲ್ಲಿ ಬೇರೆಯಾದರು. ನಾಲ್ಕನೆಯದರಲ್ಲಿ ಹಳೆಯ ಮನೆ ಮಾರಲು ಬರುತ್ತಾರೆ. ನನ್ನ ಪಾಲಿಗೆ ಬಂದದ್ದು ಕಪಾಟಿನ ದೃಶ್ಯ. ಮಹಡಿಯಿಂದ ಇಳಿಸುವಾಗ ಮರದ ಕಪಾಟು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಮೇಲೆ ಓಡೆಟ್, ಕೆಳಗೆ ಬೆರ್ನಾರ್. ಕಪಾಟಿನ ಮೇಲಿಂದಲೇ ಹಳೆಯ ಲೆಕ್ಕವೆಲ್ಲ ತೆಗೆದು ಬೈದಾಡುತ್ತಾರೆ. ಕೊನೆಗೆ ಅವಳು ಬಾಗಿಲು ತೆಗೆದು ಕಪಾಟಿನೊಳಗೆ ಹೋಗುತ್ತಾಳೆ, ಹಿಂಬದಿಯ ಹಲಗೆಯನ್ನು ಒದ್ದು ಮುರಿಯುತ್ತಾಳೆ, ಕೂದಲ ತುಂಬ ಧೂಳು ಹೊತ್ತು ಅವನ ಕಡೆ ಹೊರಬರುತ್ತಾಳೆ. ಆಮೇಲೆ ಖಾಲಿ ಮೆಟ್ಟಿಲು, ಸಂಗೀತ, ಮುಕ್ತಾಯ. ಸರಣಿಯ ಅಷ್ಟೂ ವರ್ಷದ ಪ್ರಶ್ನೆಗೆ ಉತ್ತರ ಇದ್ದದ್ದು ಆ ಹಲಗೆ ಮುರಿಯುವ ಜಾಗದಲ್ಲಿ.

ಬೆಂಗಳೂರಿಗೆ ಬಂದೆ. ಅಲ್ಲಿಂದ ಊರೂರಿನ ಫಿಲ್ಮ್ ಸೊಸೈಟಿಗಳಿಗೆ ಬಸ್ಸು, ರೈಲು. ಮೈಸೂರಿನಲ್ಲಿ ಓಡಿ, ಹಿಂದಕ್ಕೆ ಸುತ್ತಿಸಿಕೊಳ್ಳದೆ ಮಂಗಳೂರಿಗೆ ಹೋದೆ. ಎಲ್ಲೂ ಎರಡು ದಿನ ಇಟ್ಟುಕೊಳ್ಳಲಿಲ್ಲ.

ಹಾಗೆಯೇ ಹುಬ್ಬಳ್ಳಿ. ಅಲ್ಲಿನ ಸೊಸೈಟಿಯ ಕಾರ್ಯದರ್ಶಿ ಇಂದುಮತಿ ಹಂಚಿನಮನಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಸೊಸೈಟಿ ಕಟ್ಟಿದ್ದು ಅವಳು ಮತ್ತು ಅವಳ ಗಂಡ, ಕಾಲೇಜು ಮೇಷ್ಟ್ರು ಅರವಿಂದ. ಸರಣಿಯ ಮೊದಲ ಮೂರು ಸಿನಿಮಾಗಳನ್ನು ಇಬ್ಬರೂ ಕೂಡಿಯೇ ತರಿಸಿದ್ದರು. ಆಮೇಲೆ ಮನೆ ಒಡೆಯಿತು, ಸೊಸೈಟಿಯೂ ಒಡೆಯಿತು. ಪ್ರೊಜೆಕ್ಟರ್ ಅವಳಿಗೆ ಉಳಿಯಿತು, ಸಿನಿಮಾ ಪುಸ್ತಕಗಳನ್ನು ಅವನು ಒಯ್ದ. ಧಾರವಾಡದಲ್ಲಿ ಕಾಲೇಜಿನ ಪ್ರೊಜೆಕ್ಟರ್ ಹಿಡಿದು ಬೇರೆ ಸೊಸೈಟಿ ಮಾಡಿದ.

ನಾಲ್ಕನೆಯದು ಬಂದಾಗ ಇಬ್ಬರಿಗೂ ಅದು ಬೇಕಿತ್ತು. ಇದ್ದದ್ದು ಒಂದೇ ಪ್ರಿಂಟು, ಸಿಕ್ಕಿದ್ದು ಒಂದೇ ಭಾನುವಾರ. ಮಧ್ಯಾಹ್ನ ಹುಬ್ಬಳ್ಳಿಯಲ್ಲಿ, ಸಂಜೆ ಧಾರವಾಡದಲ್ಲಿ ಎಂದು ಒಪ್ಪಂದವಾಯಿತು. ಮುಗಿದ ರೀಲುಗಳನ್ನು ಕಟಗೇರಿ ಎಂಬವನು ತನ್ನ ಸ್ಕೂಟರಿನಲ್ಲಿ ಒಯ್ಯಬೇಕು. ಎರಡೂ ಸೊಸೈಟಿಗಳಲ್ಲಿ ಸದಸ್ಯನಾಗಿದ್ದವನು ಅವನೊಬ್ಬನೇ.

ಮೊದಲೆರಡು ಡಬ್ಬಿ ಹೊರಲು ಬಂದ ಕಟಗೇರಿ ಚಹಾ ಕುಡಿಯುತ್ತ ನಿಂತ.

"ಅಕ್ಕಾರ, ಅರವಿಂದ ಸರ್ ಒಂದು ಮಾತು ಹೇಳ್ಯಾರ್ರಿ. ಕಡೀ ರೀಲು ನೀವ ತರಬೇಕಂತ. ಬಾಜೂಕ ಕುರ್ಚಿ ಹಿಡದಿರ್ತಾರಂತ. ಸಿನಿಮಾ ಮುಗದ ಮ್ಯಾಲೆ ಮನೀಗೆ ಹೋಗೂಣು ಅಂದ್ರು."

"ಇಷ್ಟೂ ಅವರ ಅಂದ್ರೋ, ನೀ ಸೇರಿಸಿದ್ಯೋ?"

"ಕುರ್ಚಿ ಮಾತು ನಂದ್ರಿ. ಉಳದದ್ದು ಅವರದು."

ಇಂದುಮತಿ ನಕ್ಕಳು. ಹೋಗುತ್ತೇನೆ ಎನ್ನಲಿಲ್ಲ. ಆದರೆ ನನ್ನ ಖಾಲಿ ಡಬ್ಬಿ ಇದ್ದದ್ದು ಅವಳ ಚೀಲದ ಪಕ್ಕದಲ್ಲಿ. ಚೀಲದೊಳಗೆ ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಶ್ ಮೊದಲೇ ಇದ್ದವು.

ನಾನು ಓಡಿದೆ. ಹಲಗೆ ಮುರಿಯಿತು, ಹುಬ್ಬಳ್ಳಿಯವರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಸೊಸೈಟಿಯಲ್ಲಿ ಕೊನೆಯ ರೀಲನ್ನು ಎರಡನೆಯ ಸಲ ನೋಡಿಯೇ ಚರ್ಚೆ ಶುರುಮಾಡುವ ರೂಢಿ.

"ಇವತ್ತ ಬ್ಯಾಡ್ರಿ, ಧಾರವಾಡದಾಗ ಕಾಯಾಕತ್ತಾರ," ಎಂದಳು ಇಂದುಮತಿ.

"ಕಾಯಲಿ ಬಿಡ್ರಿ," ಎಂದರು ಮುಂದಿನ ಸಾಲಿನ ನಿವೃತ್ತ ಸ್ಟೇಷನ್ ಮಾಸ್ತರರು. "ಗಾಡಿ ಲೇಟಾದ್ರ ಧಾರವಾಡದವರಿಗೆ ಕವಿತಾ ಬರ್ಯಾಕ ಟೈಮ್ ಸಿಗತೈತಿ. ಅಲ್ರೀ ಬಾಯಾರ, ಈ ರೂಢಿ ಹಾಕಿದವರು ನೀವ ಅಲ್ಲೇನು?"

ಹಾಲ್ ನಕ್ಕಿತು. ಅವಳು ಒಪ್ಪಿದಳು.

ಎರಡನೆಯ ಸಲ ಓಡಿಸಲು ಪ್ರೊಜೆಕ್ಟರಿನ ಮೌಲಾಸಾಬ ಅವಸರದಲ್ಲಿ ನನ್ನನ್ನು ಪೋಣಿಸಿದ. ಓಡೆಟ್ ಕಪಾಟಿನೊಳಗೆ ಹೋದಳು. ಯಂತ್ರದ ಹಲ್ಲು ನನ್ನ ಅಂಚಿನ ತೂತು ತಪ್ಪಿ ಮೈಯನ್ನು ಹರಿದುಹಾಕಿತು. ನಾನು ನಿಂತೆ. ಪರದೆಯ ಮೇಲೆ ಕಂದು ಗುಳ್ಳೆ ಎದ್ದು ಹರಡಿತು. ಮೌಲಾಸಾಬ ಹಾಳಾದ ಆರು ಅಡಿಯನ್ನು ಕತ್ತರಿಸಿ ಉಳಿದದ್ದನ್ನು ಟೇಪಿನಿಂದ ಅಂಟಿಸಿದ. ಹಲಗೆ ಮುರಿದು ಅವಳು ಹೊರಬರುವುದು ಪೂರ್ತಿಯಾಗಿ ಆ ಆರು ಅಡಿಯಲ್ಲೇ ಇತ್ತು. ಇಂದುಮತಿ ಆ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಬಸ್ಸಿನಲ್ಲಿ ನಾನು ಅವಳ ತೊಡೆಯ ಮೇಲಿದ್ದೆ. ಅವಳ ಬೆರಳು ಡಬ್ಬಿಯ ಮುಚ್ಚಳದ ಮೇಲೆ ತಾಳ ಹಾಕುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಹಾಕುತ್ತಿತ್ತು. ನಡುದಾರಿಯ ನವನಗರದ ಹತ್ತಿರ ಬಸ್ಸು ನಿಂತಾಗ ಸೀಟು ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು. ಹಾಗೆ ನಿಂತರೆ ಬೇಗ ಮುಟ್ಟುತ್ತೇವೆ ಎನ್ನುವಂತೆ.

ಧಾರವಾಡದ ಹಾಲಿನಲ್ಲಿ ಎರಡು ರೀಲು ಮುಗಿದು ಎಷ್ಟೋ ಹೊತ್ತಾಗಿತ್ತು. ಅರ್ಧ ಜನ ಎದ್ದು ಹೋಗಿದ್ದರು. ಅರವಿಂದ ತನ್ನ ಪಕ್ಕದ ಕುರ್ಚಿಯ ಮೇಲೆ ನಿಜಕ್ಕೂ ಒಂದು ಛತ್ರಿ ಇಟ್ಟು ಜಾಗ ಹಿಡಿದಿದ್ದ.

"ಬಂದಿ," ಎಂದ.

"ಬಂದೆ."

ಛತ್ರಿ ತೆಗೆದ. ದೀಪ ಆರಿತು, ನಾನು ಓಡಿದೆ. ಓಡೆಟ್ ಒಳಗೆ ಹೋಗಿ ಕಪಾಟಿನ ಬಾಗಿಲು ಎಳೆದುಕೊಂಡಳು. ಟೇಪು ಟಕ್ ಎಂದಿತು. ಖಾಲಿ ಮೆಟ್ಟಿಲು, ಸಂಗೀತ, ಮುಕ್ತಾಯ.

"ಆಕಿ ಹೊರಗ ಬರಲಿಲ್ಲಲ್ಲ," ಎಂದ ಅರವಿಂದ.

"ಬಂದ್ಲು. ಅಷ್ಟ ಹರದೈತಿ. ತಂದೇನಿ, ನೋಡ್ರಿ." ಅವಳು ಕರವಸ್ತ್ರ ಬಿಚ್ಚಿದಳು.

"ಎರಡನೇ ಸಲ ಹಾಕಿದ್ರೇನು?"

"ಹ್ಞೂಂ."

"ನಾ ಇಲ್ಲಿ ಕೂತೇನಿ ಅಂತ ಗೊತ್ತಿದ್ದೂ?"

"ಜನಾ ಕೇಳಿದ್ರು. ತಪ್ಪಾತು. ಬೆಳಕಿಗೆ ಹಿಡೀರಿ, ಒಂದೊಂದ ಚಿತ್ರಾನೂ ಕಾಣತೈತಿ. ಹಲಗಿ ಮುರದು ಬರ್ತಾಳ."

ಅವನು ಕೈ ಚಾಚಲಿಲ್ಲ. "ಪರದೆ ಮ್ಯಾಲೆ ಕಾಣಲಾರದ್ದು ಸಿನಿಮಾ ಅಲ್ಲ, ಇಂದು. ಸೊಸೈಟಿ ಮಾಡಿದಾಗ ಈ ಮಾತು ಇಬ್ಬರೂ ಕೂಡೇ ಬರದದ್ದು."

"ಸರ್, ಒಮ್ಮೆ ನೋಡಿದ್ರ ಏನ್ ಹೋಗತೈತ್ರಿ?" ಎಂದ ಕಟಗೇರಿ.

"ನೀ ಸುಮ್ಮನಿರು."

ಅರವಿಂದ ವೇದಿಕೆಗೆ ಹೋಗಿ ಮೈಕ್ ಹಿಡಿದ. ಕಪಾಟಿನೊಳಗೆ ಹೋದ ಹೆಣ್ಣು ಹೊರಬರುವುದಿಲ್ಲ, ಇಷ್ಟು ವರ್ಷ ನಗಿಸಿದ ನಿರ್ದೇಶಕ ಕೊನೆಗೊಮ್ಮೆ ನಿಜ ಹೇಳಿದ್ದಾನೆ ಎಂದು ಚರ್ಚೆ ಶುರುಮಾಡಿದ. ಚೆನ್ನಾಗಿಯೇ ಮಾತಾಡಿದ. ಉಳಿದ ಜನ ಚಪ್ಪಾಳೆ ತಟ್ಟಿದರು. ಅವಳು ಆ ತುಂಡನ್ನು ಮತ್ತೆ ಸುತ್ತಿ ಚೀಲಕ್ಕೆ ಹಾಕಿ ಎದ್ದಳು. ಬಾಗಿಲು ದಾಟುವವರೆಗೂ ಅವನ ದನಿ ಏರುತ್ತಲೇ ಇತ್ತು. ಅವನು ಅವಳನ್ನು ನೋಡುತ್ತಲೇ ಮಾತಾಡುತ್ತಿದ್ದ.

ನಾನು ಮುಂದೆ ಇನ್ನೂ ಕೆಲವು ಊರು ಸುತ್ತಿದೆ. ಎಲ್ಲೂ ಓಡೆಟ್ ಹೊರಬರಲಿಲ್ಲ. ಒಂದೂರಿನಲ್ಲಿ ಅದನ್ನು ಹೊಗಳಿದರು, ಇನ್ನೊಂದರಲ್ಲಿ ಪ್ರೊಜೆಕ್ಟರಿನವನನ್ನು ಬೈದರು. ಆಮೇಲೆ ಕ್ಯಾಸೆಟ್ಟು ಬಂತು, ನನ್ನನ್ನು ಕೇಳುವವರಿಲ್ಲದೆ ಬೆಂಗಳೂರಿನ ಉಗ್ರಾಣ ಸೇರಿದೆ. ಒಮ್ಮೆ ಕಟಗೇರಿ ಬೆಂಗಳೂರಿಗೆ ಬಂದು, ಸೊಸೈಟಿಯ ಹಳೆಯ ಬಾಕಿ ತೀರಿಸುತ್ತ, ಅಲ್ಲಿನ ಗುಮಾಸ್ತನಿಗೆ ಹೇಳಿದ್ದು ಕೇಳಿಸಿತು. ಇಂದುಮತಿ ವರ್ಗ ಮಾಡಿಸಿಕೊಂಡು ಕಲಬುರಗಿಗೆ ಹೋದಳಂತೆ. ಹುಬ್ಬಳ್ಳಿಯ ಸೊಸೈಟಿ ಮೊದಲು ಮುಚ್ಚಿತಂತೆ. ಜಗಳಕ್ಕೆ ಎದುರಾಳಿ ಇಲ್ಲದೆ ಧಾರವಾಡದ್ದೂ ಮುಚ್ಚಿತಂತೆ.

ಈಗ ಉಗ್ರಾಣದ ಮೂಲೆಯಲ್ಲಿದ್ದೇನೆ. ಮೈಯಿಂದ ಹುಳಿ ವಾಸನೆ ಬರುತ್ತದೆ, ಸುರುಳಿ ಸೊಟ್ಟಗಾಗಿ ಮುಚ್ಚಳವನ್ನು ಒಳಗಿನಿಂದ ತಳ್ಳುತ್ತಿದೆ. ಆ ಸಂಜೆ ಅರವಿಂದ ಕೈ ಚಾಚಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ್ದೇನೆ. ಕೂಡಿ ಬಾಳುತ್ತಿದ್ದರು ಎಂದು ಹೇಳಲಾರೆ. ಮೂರನೆಯ ಸಿನಿಮಾದಲ್ಲಿ ಬೇರೆಯಾದವರಿಗೆ ಐದನೆಯದೊಂದು ಬಂದರೆ ಅದರಲ್ಲೂ ಜಗಳ ಸಿಗುತ್ತದೆ. ಆದರೆ ಅವನು ನೋಡಬಹುದಿತ್ತು, ನೋಡಲಿಲ್ಲ. ಅವಳೂ ಎರಡನೆಯ ಸಲ ಬೇಡವೆಂದು ಗಟ್ಟಿಯಾಗಿ ಹೇಳಬಹುದಿತ್ತು, ಹೇಳಲಿಲ್ಲ.

ಹೋದದ್ದು ಇಷ್ಟು: ಆರು ಅಡಿ ಫಿಲ್ಮು, ಎರಡು ಸೊಸೈಟಿ, ಒಂದು ಮನೆ.