ಹನ್ನೆರಡು ಗಂಟೆಯ ಮೊಟ್ಟೆ ವಾಸನೆ

ಕೊಪ್ಪಳದ ಕಡೆಯಿಂದ ಬಂದ ಶೈಲಾ, ರುದ್ರೇಶ ದಂಪತಿ ಗೋವಿಂದರಾಜನಗರದಲ್ಲಿ ಹನ್ನೊಂದು ಮನೆ ನೋಡಿದರು. ‘ನೀವು ಯಾವ ಜನ?’ ಎಂದಾಗೆಲ್ಲ ನಿಜ ಹೇಳಿ ಕೆಟ್ಟರು. ಹನ್ನೆರಡನೆಯ ಮನೆಯಲ್ಲಿ, ನಾವು ಮೊಟ್ಟೆ ಕೂಡ ಮುಟ್ಟೋದಿಲ್ಲ ಎಂದು ಸುಳ್ಳು ಹೇಳಿದರು, ಮನೆ ಸಿಕ್ಕಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಇವರು ಬಾಯಿ ಕಟ್ಟಿ ಬದುಕಬೇಕಾಯಿತು.

ಈಗ ಶೈಲಾಗೆ ಏಳು ತಿಂಗಳು. ಮೈಯಲ್ಲಿ ರಕ್ತವೇ ಇಲ್ಲ, ದಿನಕ್ಕೆರಡು ಮೊಟ್ಟೆ ತಿನ್ನದಿದ್ದರೆ ಹೆರಿಗೆಯಲ್ಲಿ ಜೀವಕ್ಕೇ ಕುತ್ತು ಎಂದು ಡಾಕ್ಟರು ಬೈದಿದ್ದರು. ತಿನ್ನುವುದಾದರೂ ಎಲ್ಲಿ? ಆ ಬೀದಿಯಲ್ಲಿ ಕೊಂಡರೆ ಮೊಟ್ಟೆಗಿಂತ ಮೊದಲು ಸುದ್ದಿ ಮನೆ ಸೇರುತ್ತಿತ್ತು. ಮಹಡಿಯಲ್ಲಿದ್ದ ಓನರ್ ಅನಂತಲಕ್ಷ್ಮಿಯಂತೂ ಬಾಡಿಗೆಯವರ ಕಸದ ಬಕೆಟ್ಟನ್ನೂ ಕಡ್ಡಿಯಲ್ಲಿ ಕೆದಕುವ ಹೆಂಗಸು.

ಹೀಗಿರುವಾಗ, ಮಧ್ಯಾಹ್ನ ಹನ್ನೆರಡಾದರೆ ಅಡುಗೆಮನೆಯಲ್ಲಿ ಮೊಟ್ಟೆ ಬೇಯುವ ವಾಸನೆ ಏಳತೊಡಗಿತು. ಒಲೆ ತಣ್ಣಗಿರುತ್ತಿತ್ತು. ಬಸುರಿ ಬಯಕೆ ಎಂದು ಶೈಲಾ ಸುಮ್ಮನಿದ್ದಳು. ಒಂದು ದಿನ ಅದು ಅನಂತಲಕ್ಷ್ಮಿಯ ಮೂಗಿಗೂ ಬಡಿಯಿತು. ಇಳಿದು ಬಂದು ಪಾತ್ರೆಗಳ ಮುಚ್ಚಳ ಎತ್ತಿ ನೋಡಿದಳು. ಬರೀ ಅನ್ನ, ತಿಳಿಸಾರು. ಅವಳ ಮುಖ ಬಿಳುಚಿತು.

“ನಿಮಗಿಂತ ಮುಂಚೆ ಇದ್ದ ಹುಡುಗೀನೂ ಬಸುರಿ,” ಅಂದಳು, ಶೈಲಾಳನ್ನು ನೋಡದೆ. “ಒಂದೇ ಒಂದು ಮೊಟ್ಟೆ ಬೇಯಿಸ್ಕೋತೀನಿ ಆಂಟಿ ಅಂದ್ಲು. ಈ ಮನೇಲಿ ಆಗಲ್ಲ ಅಂದೆ. ಹೆರಿಗೆಗೆ ಹೋದವಳು ವಾಪಸ್ ಬರ್ಲಿಲ್ಲ.”

ಅದೇ ಉಸಿರಿನಲ್ಲಿ, ಬೇಯಿಸಿದ್ದು ಯಾರಾದರೂ ಸರಿ, ಇನ್ನೊಮ್ಮೆ ವಾಸನೆ ಬಂದರೆ ಮನೆ ಖಾಲಿ ಮಾಡಿ ಎಂದು ಹೇಳಿ ಮಹಡಿ ಹತ್ತಿದಳು. ಇಂಥವರಿಗೆ ಏನನ್ನೋಣ!

ಶೈಲಾಗೆ ಸಿಟ್ಟು ಬಂತು. ಮಾಡದ ತಪ್ಪಿಗೆ ಮನೆ ಬಿಡುವುದಾದರೆ ಮಾಡಿಯೇ ಬಿಡೋಣ ಎಂದು, ಮನೆಮನೆಗೆ ಊಟ ಡೆಲಿವರಿ ಮಾಡುತ್ತಿದ್ದ ರುದ್ರೇಶನ ಬ್ಯಾಗಿನಲ್ಲಿ ಬಾಪೂಜಿ ನಗರದಿಂದ ಎರಡು ಮೊಟ್ಟೆ ತರಿಸಿದಳು. ಮರುದಿನ ಹನ್ನೆರಡಕ್ಕೆ ಒಲೆಯ ಮೇಲಿಟ್ಟಳು. ನೀರು ಕುದಿಯುತ್ತಿದ್ದಂತೆ ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಅನಂತಲಕ್ಷ್ಮಿ ಬಾಗಿಲಲ್ಲೇ ನಿಂತು ಮೂಗರಳಿಸಿದಳು.

“ಸದ್ಯ, ಇವತ್ತು ಏನೂ ವಾಸನೆ ಇಲ್ಲ,” ಎಂದು ಹೊರಟುಹೋದಳು.

ಶೈಲಾಗೂ ವಾಸನೆ ಬಂದಿರಲಿಲ್ಲ. ಮೊಟ್ಟೆಗಳು ಮಾತ್ರ ಬೆಂದಿದ್ದವು. ಊರಲ್ಲಿ ಸತ್ತವರಿಗೆ ಎಡೆ ಇಡುವಂತೆ ಒಂದನ್ನು ಸಿಪ್ಪೆ ಸಮೇತ ಗೋಡೆಯ ಗೂಡಿನಲ್ಲಿಟ್ಟು, “ಯಕ್ಕಾ, ನೀನೂ ತಿನ್ನಬೇ,” ಅಂದಳು. ಇನ್ನೊಂದನ್ನು ತಟ್ಟೆಯಲ್ಲಿ ಸುಲಿದುಕೊಂಡು ನಿಂತಲ್ಲೇ ತಿಂದಳು.

ಕೈ ತೊಳೆದು ತಿರುಗಿದರೆ ಗೂಡು ಬರಿದಾಗಿತ್ತು. ಎಡೆಯಿಟ್ಟ ಮೊಟ್ಟೆ ಶೈಲಾಳ ತಟ್ಟೆಗೇ ಬಂದಿತ್ತು, ನೀಟಾಗಿ ಸಿಪ್ಪೆ ಸುಲಿದು.