ಹಳದಿ ಚೌಕ

ಸಾರ್ಪೊಂಗನ ಹೆಂಡತಿ ಡುಫಿಯೆ ಒಡೆದ ತಾಳೆಬೀಜದ ಚಿಪ್ಪಿನಷ್ಟು ಕಪ್ಪು. ಅದನ್ನು ಯಾರಾದರೂ ಅನುಕಂಪದ ದನಿಯಲ್ಲಿ ಹೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕುಮಾಸಿ ಪಟ್ಟಣದ ಅರ್ಧ ಹೆಂಗಸರು ಮುಖ ಬಿಳಿಚಿಸುವ ಕ್ರೀಮು ಬಳಿದುಕೊಂಡು ಓಡಾಡುವಾಗ ಅವಳು ಬೆಳಿಗ್ಗೆ ಶಿಯಾ ಕಾಯಿಯ ಬೆಣ್ಣೆ ತಿಕ್ಕಿಕೊಂಡು, ಫಳಫಳ ಹೊಳೆಯುತ್ತ, ಯಾರಿಗೂ ಸೊಪ್ಪು ಹಾಕದೆ ಸಂತೆಗೆ ಹೋಗಿ ಹೊಗೆಮೀನು ಮಾರಿಕೊಂಡು ಬರುತ್ತಿದ್ದಳು.

ಸಾರ್ಪೊಂಗ್ ಬಂಟಾಮಾ ಕೇರಿಯಲ್ಲಿ ‘ತಾಳ್ಮೆ ಫೋಟೋ ಸ್ಟುಡಿಯೋ’ ಇಟ್ಟಿದ್ದ. ಬೀದಿಗೆಲ್ಲ ಅವನು ಮಾಸ್ತರು, ಹೆಂಡತಿಗೂ ಅಷ್ಟೆ. ಊರವರ ಮದುವೆ, ನಾಮಕರಣ, ಸಾವು ಎಲ್ಲವನ್ನೂ ತೆಗೆದವನ ಹತ್ತಿರ ಹೆಂಡತಿಯ ನೆಟ್ಟಗಿನ ಒಂದು ಫೋಟೋ ಇರಲಿಲ್ಲ. ತೆಗೆದಾಗಲೆಲ್ಲ ಫಿಲಂ ತೊಳೆಯುವ ಅಂಗಡಿಯವರು ಅವಳನ್ನು ಒಂದೋ ಬೂದಿ ಬಣ್ಣಕ್ಕೆ ತಿರುಗಿಸುತ್ತಿದ್ದರು, ಇಲ್ಲವೇ ಬರೀ ಹಲ್ಲು ಉಳಿಸಿ ಕೊಡುತ್ತಿದ್ದರು.

“ನೋಡಿ ಮಾಸ್ತರೇ,” ಎನ್ನುತ್ತಿದ್ದಳು ಡುಫಿಯೆ, “ನಾ ಸತ್ತಾಗ ಪೋಸ್ಟರ್ ಹಾಕ್ತಾರಲ್ಲ, ಅದ್ರಲ್ಲಿ ನಾನೇ ಇರ್ಬೇಕು. ಯಾವಳೋ ಬಿಳಚಿಕೊಂಡೋಳು ಬೇಡ. ಆ ಕಡೆ ನಮ್ಮವ್ವ ಕಾಯ್ತಿರ್ತಾಳೆ. ಗುರುತು ಸಿಗ್ದೆ ಬಾಗ್ಲು ಹಾಕ್ಕೊಂಡ್ಳೋ, ವಾಪಸ್ ಬಂದು ನಿಮ್ ಹೆಗಲ ಮೇಲೇ ಕೂತ್ಕೋತೀನಿ.”

“ಈಗೇನು ಇಳಿದಿದೀಯಾ?”

ಇಬ್ಬರೂ ನಗುತ್ತಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಸಾವಿನ ಬಗ್ಗೆ ತಮಾಷೆ ಮಾಡಲು ಯಾರ ಹಂಗೂ ಇರಲಿಲ್ಲ.

ಡುಫಿಯೆಯ ಅಣ್ಣ ಬರಿಮಾ ಅಡುಮ್ ಪೇಟೆಯಲ್ಲಿ ರೇಡಿಯೋ, ಟೀವಿ, ಕ್ಯಾಮೆರಾ ಮಾರುವ ದೊಡ್ಡ ಅಂಗಡಿಯ ಯಜಮಾನ. ಅವರ ತಾಯಿಯ ಕಡೆಯ ಇಡೀ ಕುಲಕ್ಕೂ ಅವನೇ ಹಿರಿಯ. ಒಂದು ದಿನ ಅವನು ಅಂಗೈಯಷ್ಟಗಲದ ಬೆಳ್ಳಿ ಬಣ್ಣದ ಡಿಜಿಟಲ್ ಕ್ಯಾಮೆರಾ ತಂದು ಸಾರ್ಪೊಂಗನ ಮೇಜಿನ ಮೇಲಿಟ್ಟ.

“ಬಾವ, ಹೊಸ ಮಾಲು. ಮುಖ ಎಲ್ಲಿದ್ರೂ ತಾನೇ ಹುಡುಕಿ ಹಳದಿ ಚೌಕ ಹಾಕತ್ತೆ. ನೀವು ಗುಂಡಿ ಒತ್ತಿದ್ರೆ ಆಯ್ತು. ಬಿಸಿಲು, ನೆರಳು, ಹೊಗೆ, ಕತ್ತಲು, ಎಲ್ಲಾ ಕಡೆ ತೆಗೆದು ಹೆಂಗೆ ಬರತ್ತೆ ನೋಡಿ. ಚೆನ್ನಾಗಿ ಬಂದಿದ್ದನ್ನ ಅಂಗಡಿ ಬೋರ್ಡಿಗೆ ಹಾಕಿಸ್ತೀನಿ. ನಮ್ಮೂರ ಹೆಣ್ಣಿನ ಮುಖಾನೇ ಇರ್ಲಿ.”

“ಅಣ್ಣಾ, ನಾನಿಲ್ವಾ?” ಎಂದು ಡುಫಿಯೆ ಅಡುಗೆಮನೆಯಿಂದಲೇ ಕೂಗಿದಳು.

ಮೊದಲ ಪರೀಕ್ಷೆ ನಡುಮಧ್ಯಾಹ್ನ, ಸಂತೆಯಲ್ಲಿ. ಡುಫಿಯೆ ಹೊಸ ಬಟ್ಟೆ ಉಟ್ಟು, ತಲೆಗೆ ಬಿಳಿ ವಸ್ತ್ರ ಬಿಗಿದು ಮೀನಿನ ಬೋಗುಣಿಯ ಹಿಂದೆ ರಾಣಿಯ ಹಾಗೆ ಕೂತಿದ್ದಳು. ಸಾರ್ಪೊಂಗ್ ಕ್ಯಾಮೆರಾ ಎತ್ತಿದ. ಹಳದಿ ಚೌಕ ಅವಳನ್ನು ದಾಟಿಕೊಂಡು ಹೋಗಿ, ಎದುರಂಗಡಿಯ ಕ್ರೀಮಿನ ಜಾಹೀರಾತಿನಲ್ಲಿದ್ದ ಬೆಳ್ಳನೆಯ ಹುಡುಗಿಯ ಮುಖದ ಮೇಲೆ ಕೂತಿತು.

“ಅದಕ್ಕೂ ಬಿಳಿ ಹೆಂಡ್ತೀನೇ ಬೇಕಂತೆ ಮಾಸ್ತರೇ!” ಎಂದು ಡುಫಿಯೆ ಪರದೆಗೆ ಇಣುಕಿ ನಕ್ಕಳು. ಪಕ್ಕದ ಮೀನಿನವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿತ್ರದಲ್ಲಿ ಆಕಾಶ ಚೆನ್ನಾಗಿತ್ತು. ಮೀನಿನ ಒಂದೊಂದು ಹುರುಪೆಯೂ ಎಣಿಸುವಂತಿತ್ತು. ತಲೆವಸ್ತ್ರದ ಕೆಳಗೆ ಡುಫಿಯೆ ಇರಬೇಕಾದಲ್ಲಿ ಒಂದು ತೂತಿತ್ತು.

ಸಂಜೆ ಒಲೆಯ ಹೊಗೆಯಲ್ಲಿ ಅವಳು ಫುಫು ಮುದ್ದೆಗೆ ಬೇಯಿಸಿದ ಗೆಣಸು ಕುಟ್ಟುತ್ತಿದ್ದಾಗ ತೆಗೆದ. ಚೌಕ ಹೊಗೆಯಲ್ಲಿ ತಡಕಾಡಿ, ಗೋಡೆಯ ಕ್ಯಾಲೆಂಡರಿನ ಯೇಸುಸ್ವಾಮಿಯ ಮುಖ ಹಿಡಿಯಿತು. ಆಗಲೂ ಅವಳು ನಕ್ಕಳು, ಸ್ವಲ್ಪ. ಕರೆಂಟು ಹೋದಾಗ ಲಾಟೀನು ಹಚ್ಚಿ ತೆಗೆದ. ಚಿತ್ರದ ತುಂಬ ಮರಳು ಎರಚಿದಂತೆ ಚುಕ್ಕೆ. ಫ್ಲಾಶ್ ಹಾಕಿ ತೆಗೆದರೆ ಮುಖ ಸುಲಿದ ಗೆಣಸಿನ ಹಾಗೆ ಬಿಳಿಚಿಕೊಂಡು ಬಂತು. ಕಿಟಕಿಯ ಬಳಿ, ಮರದಡಿ, ನಡೆಯುವಾಗ, ಕೂತಾಗ, ಎಲ್ಲಿ ತೆಗೆದರೂ ಚೌಕ ಅವಳನ್ನು ಮುಟ್ಟಲಿಲ್ಲ.

ಕೊನೆಗೆ ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು.

“ಮಾಸ್ತರೇ, ನಾನು ಇಲ್ಲಿದೀನಿ ತಾನೆ?”

ಸಾರ್ಪೊಂಗ್ ಕ್ಯಾಮೆರಾದ ಗುಂಡಿಗಳನ್ನು ತಡಕಿದ. ಆ ಹಾಳು ಚೌಕವನ್ನೇ ಆಫ್ ಮಾಡಿದ. ಫ್ಲಾಶ್ ಆರಿಸಿದ. ಬೆಳಕಿನ ಲೆಕ್ಕವನ್ನು ಕ್ಯಾಮೆರಾಕ್ಕೆ ಬಿಡದೆ ತಾನೇ ಏರಿಸಿದ. ಅವಳನ್ನು ಬಾಗಿಲಲ್ಲಿ ನಿಲ್ಲಿಸಿದಾಗ, ಎದುರುಮನೆಯ ಸುಣ್ಣದ ಗೋಡೆಗೆ ಬಿದ್ದ ಇಳಿಬಿಸಿಲು ತಿರುಗಿ ಬಂದು ಅವಳ ಕೆನ್ನೆಯ ಮೇಲೆ ಮೆತ್ತಗೆ ನಿಂತಿತು. ಅವಳ ಕಿವಿಯ ಓಲೆಗೆ ಗುರಿಯಿಟ್ಟು ಒತ್ತಿದ.

ಡುಫಿಯೆ ಆ ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡಿದಳು. ಕಪ್ಪಿನೊಳಗೆ ಕೆಂಪಿತ್ತು, ಕೆಂಪಿನೊಳಗೆ ಹೊಳಪಿತ್ತು, ಹುಬ್ಬಿನ ಪಕ್ಕದ ಗಾಯದ ಗುರುತೂ ಇತ್ತು.

“ಇದು ನಾನು,” ಎಂದಳು. “ಇದನ್ನೇ ಹಾಕ್ಬೇಕು. ಮರೀಬೇಡಿ.”

ಅವನು ಅದನ್ನು ಅಂಗೈಯಗಲ ಕಾಗದದ ಮೇಲೆ ಅಚ್ಚು ಹಾಕಿಸಿ ತಂದುಕೊಟ್ಟ. ಅವಳು ಅದನ್ನು ಪೆಟ್ಟಿಗೆಯಲ್ಲಿ ಬಟ್ಟೆಗಳ ಕೆಳಗೆ ಇಟ್ಟಳು.

ಬರಿಮಾನಿಗೆ ಸಾರ್ಪೊಂಗ್ ನೇರವಾಗಿಯೇ ಹೇಳಿದ. “ಬಾವ, ಆಕಾಶಕ್ಕೆ, ಮೀನಿಗೆ, ಗೋಡೆಗೆ ಒಳ್ಳೇ ಕ್ಯಾಮೆರಾ. ನಮ್ ಮುಖ ಇದಕ್ಕೆ ಕಾಣಲ್ಲ. ಕಿವಿ ಹಿಂಡಿ ಹೇಳಿದ್ರೆ ಮಾತ್ರ ಕಾಣತ್ತೆ.”

ಬರಿಮಾ ಕೇಳಿಸಿಕೊಂಡದ್ದು ಎಷ್ಟೋ. ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಫ್ಲಾಶಿನದರ ಮೇಲೆ ಬೆರಳಿಟ್ಟ. “ಇದು ನೋಡಿ! ಎಷ್ಟು ಕ್ಲೀನಾಗಿದೆ!”

ಅದನ್ನು ಕಂಪ್ಯೂಟರಿನಲ್ಲಿ ಇನ್ನಷ್ಟು ತಿಳಿಮಾಡಿಸಿ, ಬಸ್ಸಿನಷ್ಟುದ್ದದ ಬೋರ್ಡು ಮಾಡಿಸಿ ಅಂಗಡಿಯ ತಲೆಯ ಮೇಲೆ ಏರಿಸಿದ. ಡುಫಿಯೆ ಹೋಗಿ ನೋಡಿ, ನಡುರಸ್ತೆಯಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಯಾರಿದು ಅಣ್ಣಾ? ನಮ್ಮವ್ವ ಇನ್ನೊಬ್ಬಳನ್ನ ಹೆತ್ತಿದ್ಳಾ?”

“ಊರೆಲ್ಲ ನಿನ್ ಚೆಂದ ಹೊಗಳ್ತಿದೆ. ನಿಂಗ್ಯಾಕೆ ಉರಿ?”

ಅಂದಿನಿಂದ ಅವಳು ಆ ಬೋರ್ಡು ಕಾಣದಂತೆ ಸುತ್ತುಬಳಸಿನ ದಾರಿಯಲ್ಲಿ ಸಂತೆಗೆ ಹೋಗತೊಡಗಿದಳು. ಉತ್ತರದ ಒಣ ಧೂಳುಗಾಳಿ ಬೀಸುವ ತಿಂಗಳಲ್ಲಿ ಒಂದು ಬೆಳಿಗ್ಗೆ ಮೀನಿನ ಬೋಗುಣಿಯ ಪಕ್ಕದಲ್ಲೇ ಕುಸಿದುಬಿದ್ದಳು. ರಕ್ತದೊತ್ತಡ ಎಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೆಂಗಸು ಸತ್ತ ಮೇಲೆ ಗಂಡನವಳಲ್ಲ. ಅವಳು ತಾಯಿಯ ಕುಲದವಳು. ಶವ ಕುಲದ್ದು, ಪೋಸ್ಟರ್ ಕುಲದ್ದು, ದಿನ ಗೊತ್ತುಮಾಡುವುದೂ ಕುಲವೇ. ಗಂಡನ ಪಾಲಿಗೆ ಉಳಿಯುವುದು ಶವಪೆಟ್ಟಿಗೆ ತಂದುಕೊಡುವ ಕೆಲಸ. ಇದು ಗೊತ್ತಿದ್ದೂ ಸಾರ್ಪೊಂಗ್ ಕುಲದ ಹಿರಿಯರು ಕೂತಲ್ಲಿಗೆ ಹೋಗಿ, ಮೊಣಕಾಲೂರಿ, ಬಾಗಿಲ ಬೆಳಕಿನ ಆ ಫೋಟೋವನ್ನು ಬರಿಮಾನ ಮುಂದಿಟ್ಟ.

“ಬಾವ, ಇದು ಕತ್ತಲಾಗಿದೆ,” ಎಂದ ಬರಿಮಾ.

“ಕತ್ತಲಲ್ಲ. ಅವಳು.”

“ಇದನ್ನ ಹಾಕಿದ್ರೆ ಊರು ಏನನ್ನತ್ತೆ? ಅಣ್ಣ ಇದ್ದೂ ತಂಗೀನ ನೋಡ್ಕೊಳ್ಲಿಲ್ಲ ಅನ್ನತ್ತೆ. ಬೋರ್ಡಿನ ಮುಖ ಎಲ್ರಿಗೂ ಗೊತ್ತು. ಅದೇ ಇರ್ಲಿ.”

“ಅವಳೇ ಬಾಯಿಬಿಟ್ಟು ಕೇಳಿದ್ಲು ಬಾವ. ನಾ ಮಾತು ಕೊಟ್ಟಿದೀನಿ.”

“ಬದುಕಿದ್ದಾಗ ನಿಮ್ ಮಾತು ನಡೀತು. ಈಗ ಅವಳು ನಮ್ಮವಳು. ನೀವು ಪೆಟ್ಟಿಗೆ ನೋಡ್ಕೊಳಿ.” ಮುದುಕರು ತಲೆಯಾಡಿಸಿದರು. ಸಾರ್ಪೊಂಗ್ ಫೋಟೋ ಎತ್ತಿಕೊಂಡು ಎದ್ದ.

‘ಎಂಥ ಆಘಾತ!’ ಎಂಬ ದೊಡ್ಡ ಅಕ್ಷರಗಳ ಕೆಳಗೆ ಆ ಗೆಣಸಿನ ಮುಖ ಊರಿನ ಗೋಡೆಗೋಡೆಗೂ, ಕರೆಂಟಿನ ಕಂಬಕ್ಕೂ ಅಂಟಿತು. ಸ್ಟುಡಿಯೋದ ಗೋಡೆಗೂ ಯಾರೋ ಅಂಟಿಸಿ ಹೋದರು. ಅದರ ಪಕ್ಕದಲ್ಲೇ ನಿಂತು, ಡುಫಿಯೆಯ ಹತ್ತಿರ ವರ್ಷಗಟ್ಟಲೆ ಮೀನು ಕೊಂಡಿದ್ದ ಹೆಂಗಸೊಬ್ಬಳು ಕೇಳಿದಳು: “ಮಾಸ್ತರೇ, ಡುಫಿಯಕ್ಕ ಯಾಕೆ ಸಂತೆಗೇ ಬರ್ತಿಲ್ಲ? ಹುಷಾರಿಲ್ವಾ?”

ಅವನು ಬೆರಳು ತೋರಿಸಿದ. ಅವಳು ಪೋಸ್ಟರನ್ನು ನೋಡಿದಳು, ಹೆಸರು ಓದಿದಳು, ಬಾಯಿಗೆ ಬಟ್ಟೆಯ ತುದಿ ಒತ್ತಿಕೊಂಡಳು. ಅವಳು ಹೋದ ಮೇಲೆ ಸಾರ್ಪೊಂಗ್ ಸ್ಟುಡಿಯೋದ ಬಾಗಿಲೆಳೆದುಕೊಂಡು ಅತ್ತ.

ಶವಪೆಟ್ಟಿಗೆಯಾದರೂ ಅವನದಾಗಿತ್ತು. ಬಡಗಿಯ ಹತ್ತಿರ ಹೋಗಿ, ತಲೆಯ ಕಡೆಯ ಒಳಬಟ್ಟೆಯ ಅಡಿಯಲ್ಲಿ ಆ ಫೋಟೋ ಇಟ್ಟು, ತಾನೇ ಕೂತು ಹೊಲಿದ. ಅವಳ ಅವ್ವನಿಗೆ ಗುರುತು ಸಿಗಬೇಕಲ್ಲ.

ಕುಲ ಗೊತ್ತುಮಾಡಿದ ಶನಿವಾರ ಬೆಳಿಗ್ಗೆ ಶವವನ್ನು ಶೀತಲಗೃಹದಿಂದ ತಂದು, ಸಿಂಗರಿಸಿ, ಹಿತ್ತಾಳೆ ಮಂಚದ ಮೇಲೆ ಮಲಗಿಸಿದ್ದರು. ಸೂತಕದ ಕೆಂಪು ಕಪ್ಪು ಬಟ್ಟೆ ಉಟ್ಟ ಜನ ಸಾಲುಗಟ್ಟಿ ನೋಡಿಹೋಗುತ್ತಿದ್ದರು. ಸಾರ್ಪೊಂಗ್ ಒಳಗೆ ಬಂದು ಹೆಂಡತಿಯನ್ನು ಹುಡುಕಿದ. ಸಿಂಗರಿಸುವ ಹೆಂಗಸರು ಪೋಸ್ಟರನ್ನೇ ಮಂಚದ ಕಂಬಕ್ಕೆ ಒರಗಿಸಿಕೊಂಡು, ಅದನ್ನು ನೋಡಿ ನೋಡಿ, ಅವಳ ಮುಖಕ್ಕೆ ಪದರ ಪದರವಾಗಿ ಪೌಡರು ಮೆತ್ತಿದ್ದರು. ಎರಡೂ ಒಂದೇ ಆಗಿದ್ದವು.

“ಎಷ್ಟು ಚೆಂದ ಕಾಣ್ತಾಳೆ ಅಲ್ವಾ?” ಬರಿಮಾನ ಕಣ್ಣು ನಿಜಕ್ಕೂ ತೇವವಾಗಿತ್ತು. ಅದೇ ಬೆಳ್ಳಿ ಕ್ಯಾಮೆರಾವನ್ನು ಸಾರ್ಪೊಂಗನ ಕೈಗಿಟ್ಟ. “ಕೊನೇದು, ನೀವೇ ತೆಗೀಬೇಕು ಬಾವ.”

ಸಾರ್ಪೊಂಗ್ ಎತ್ತಿದ. ಹಳದಿ ಚೌಕ ಒಂದಿಷ್ಟೂ ತಡಕಾಡದೆ, ನೆಟ್ಟಗೆ ಬಂದು ಡುಫಿಯೆಯ ಮುಖದ ಮೇಲೆ ನಿಂತಿತು. ಅವಳು ಉಸಿರಾಡುತ್ತಿದ್ದಾಗ ಒಂದು ಸಲವೂ ಬಾರದ ಚೌಕ.

ಅವನು ಗುಂಡಿ ಒತ್ತಲಿಲ್ಲ. ಕೈಬಟ್ಟೆಯ ತುದಿಯನ್ನು ನಾಲಿಗೆಗೆ ತಾಗಿಸಿ, ಬಗ್ಗಿ, ಅವಳ ಹಣೆ ಒರೆಸಿದ, ಒಂದು ಕೆನ್ನೆ ಒರೆಸಿದ. ಪೌಡರಿನಡಿಯಿಂದ ಕಪ್ಪು ಮೇಲೆ ಬಂತು. ಅಳುತ್ತಿದ್ದ ಮುದುಕಿಯೊಬ್ಬಳು ಅಳು ನಿಲ್ಲಿಸಿ, “ಏಯ್, ಏನ್ ಮಾಡ್ತಿದೀಯೋ?” ಎಂದು ಕಿರುಚಿದಳು.

ಮತ್ತೆ ಕ್ಯಾಮೆರಾ ಎತ್ತಿದ. ಚೌಕ ನಡುಗಿತು, ಅತ್ತಿತ್ತ ಹುಡುಕಿತು, ಆಮೇಲೆ ಮಂಚದ ಕಂಬಕ್ಕೆ ಒರಗಿಸಿದ್ದ ಪೋಸ್ಟರಿನ ಮೇಲೆ ಹೋಗಿ ಕೂತಿತು.

“ಏನಾಯ್ತು ಬಾವ?” ಬರಿಮಾ ಹತ್ತಿರ ಬಂದ. “ಮುಖ ಸಿಕ್ತಿಲ್ವಾ?”

“ಸಿಕ್ತು ತಗೊಳಿ. ನಿಮ್ ತಂಗಿ ಸಿಕ್ಕಿದಾಳೆ,” ಎಂದು ಕ್ಯಾಮೆರಾವನ್ನು ಅವನ ಕೈಗೆ ತುರುಕಿ, ಸಾರ್ಪೊಂಗ್ ತನ್ನ ಹೆಂಡತಿಯ ಇನ್ನೊಂದು ಕೆನ್ನೆ ಒರೆಸಲು ಬಗ್ಗಿದ.