ಮರಿ ಹುಟ್ಟಿದ ಮನೆಯ ಕೂಗು

ನೀರಿಗೆ ಮೈಕು ಇಳಿಬಿಟ್ಟು ಓರ್ಕಾ ತಿಮಿಂಗಿಲಗಳ ಮಾತು ಕೇಳುವುದು ನನ್ನ ಕೆಲಸ. ಅವನ್ನು ಹಿಡಿದು ಪ್ರದರ್ಶನದ ಕೊಳಗಳಿಗೆ ಮಾರುವುದು ಅಣ್ಣನದು. ಒಂದೇ ದೋಣಿ, ಒಂದೇ ಪಾಪ.

ಒಂದೊಂದು ಕುಟುಂಬಕ್ಕೂ ಅದರದ್ದೇ ಕೂಗು. ಮರಿ ಹುಟ್ಟಿದ ಮೇಲಂತೂ ತಾಯಿ, ಅಜ್ಜಿ, ಸೋದರಮಾವ ಎಲ್ಲರೂ ಆ ಕೂಗನ್ನೇ ಹಗಲಿಡೀ ಕೂಗುತ್ತಾರೆ, ತನ್ನವರು ಯಾರೆಂದು ಮರಿಯ ಕಿವಿಗೆ ಹತ್ತುವ ತನಕ. ಬೆಳಿಗ್ಗೆ ಅದು ಕೇಳಿಸಿದಾಗ ನಾನು ಬಾಯಿಗೆ ಬೀಗ ಹಾಕಿಕೊಳ್ಳಬಹುದಿತ್ತು. ಜಾಣತನ ತೋರಿಸಲು ಹೋದೆ.

"ಅಣ್ಣ, ಎಳೇ ಮರಿ ಇದೆ. ಹುಟ್ಟಿ ವಾರ ಆಗಿರಬೇಕು."

"ಶಭಾಷ್! ಆ ಕೂಗು ರೆಕಾರ್ಡ್ ಮಾಡ್ಕೋ."

ಆಮೇಲೆ ಅವನ್ನು ಚದುರಿಸಲು ನೀರಿಗೆ ಸಿಡಿಮದ್ದು ಎಸೆಯತೊಡಗಿದ. ಒಂದು, ಎರಡು, ಏಳು. ಗಂಡೊಂದು ದೋಣಿಗೆ ಗುದ್ದಿತು. ನಾನು ಮುಗ್ಗರಿಸಿ ಬಿದ್ದೆ, ತುಟಿ ಒಡೆಯಿತು. ಅಣ್ಣ ಅದರ ಬೆನ್ನಿಗೆ ಈಟಿಯಿಂದ ತಿವಿದ. ಕುಟುಂಬ ಚೆಲ್ಲಾಪಿಲ್ಲಿಯಾಗಿ ಓಡಿತು, ಮರಿ ಹಿಂದುಳಿಯಿತು.

"ಸ್ಪೀಕರ್ ನೀರಿಗೆ ಬಿಡು. ಅಮ್ಮ ಕರೀತಿದ್ದಾಳೆ ಅಂತ ತಾನಾಗೇ ಬಲೆಗೆ ಬರುತ್ತೆ."

"ಬೇಡ ಅಣ್ಣ."

ಕೆನ್ನೆಗೆ ಬಾರಿಸಿದ. ರೆಕಾರ್ಡ್ ಹಾಕಿ ಸ್ಪೀಕರ್ ಬಿಟ್ಟೆ. ಅದೇ ಕೂಗನ್ನು ತಪ್ಪುತಪ್ಪಾಗಿ ತೊದಲುತ್ತ ಮರಿ ಬಂದೇಬಿಟ್ಟಿತು. ಅಣ್ಣ ಬಲೆ ಎಳೆಯುವ ಯಂತ್ರ ಚಾಲೂ ಮಾಡಿದ. ಬಲೆ ಬಿಗಿದು ಎಳೇ ಈಜುರೆಕ್ಕೆ ಸೀಳಿತು, ನೀರು ಕೆಂಪಾಯಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಚಾಕು ತೆಗೆದು ಬಲೆಯ ಹಗ್ಗ ಕುಯ್ದೆ. ತುಂಡಾದ ಹಗ್ಗ ಚಾಟಿಯಂತೆ ಹಾರಿ ಅಣ್ಣನ ಕೈಯನ್ನು ಸುತ್ತಿ ಯಂತ್ರದೊಳಗೆ ಎಳೆಯಿತು. ಮೂಳೆ ಲಟಕ್ಕೆಂದಿತು.

ಬಲೆ ಬಿಚ್ಚಿಕೊಂಡರೂ ಮರಿ ಹೋಗಲಿಲ್ಲ, ದೋಣಿಗೇ ಮೈಯುಜ್ಜುತ್ತಿತ್ತು. ಅದರ ಪಾಲಿಗೆ ಅಮ್ಮ ನಮ್ಮ ಸ್ಪೀಕರಿನಲ್ಲೇ ಇದ್ದಳು. ವೈರು ಕಿತ್ತೆಸೆದೆ.

"ತಂಗೀ, ಯಂತ್ರ ನಿಲ್ಸೇ! ಕೈ ಹೋಯ್ತು!"

ಹೆಡ್‌ಫೋನು ಕಿವಿಗೆ ಒತ್ತಿಕೊಂಡೆ. ಮರಿ ಕೂಗುತ್ತಿತ್ತು. ಯಾರೂ ಉತ್ತರಿಸದಿದ್ದರೆ ಸಂಜೆಯೊಳಗೆ ಅದು ಸತ್ತಂತೆಯೇ. ಯಂತ್ರದ ಗದ್ದಲದಲ್ಲಿ ಬೇರೇನೂ ಕೇಳಿಸಲಿಲ್ಲ. ಸ್ವಿಚ್ಚು ಆರಿಸಿದೆ.

ಅಣ್ಣ ಜಜ್ಜಿದ ಕೈಯನ್ನು ಎದೆಗವಚಿಕೊಂಡು ಕುಸಿದ. "ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ," ಎಂದು ಅತ್ತ.

"ಬಾಯ್ಮುಚ್ಚು ಅಣ್ಣ. ಕೇಳಿಸ್ಕೊಳ್ತಿದ್ದೀನಿ."

ಬಹು ದೂರದಲ್ಲಿ ಒಂದು ದನಿ ಆ ಕೂಗು ಕೂಗಿತು. ಮತ್ತೊಂದು. ಆಮೇಲೆ ಎಲ್ಲರೂ. ಮರಿ ಅತ್ತ ತಿರುಗಿತು. ಅದರ ತೊದಲು ಅವರ ದನಿಯೊಳಗೆ ಸೇರಿಹೋದ ಮೇಲೆ ನಾನು ಅಣ್ಣನ ಕಡೆ ತಿರುಗಿದೆ.